ಕಥೆಯ ಪಾತ್ರಗಳಿಗೆ ಹೆಸರು ಹುಡುಕುವುದು ಹೇಗೆ?

ಕಥೆ ತಲೆಯಲ್ಲಿ ಪೂರ್ತಿ ಸಿದ್ಧವಾಗಿರುತ್ತದೆ, ಬರೆಯಲು ಕೂತರೆ ನಾಯಕಿಗೆ ಹೆಸರೇ ಇರುವುದಿಲ್ಲ. ಕೆಲವರು ಮೊದಲು ಹೊಳೆದದ್ದನ್ನೇ ಇಟ್ಟು ಮುಂದೆ ಹೋಗುತ್ತಾರೆ. ಇನ್ನು ಕೆಲವರು ಸರಿಯಾದ ಹೆಸರು ಸಿಗುವ ತನಕ ಒಂದು ಸಾಲೂ ಬರೆಯುವುದಿಲ್ಲ. ಹೆಸರು ಹುಡುಕುವುದಕ್ಕೂ ಒಂದು ಕ್ರಮ ಇದೆ, ಅದನ್ನು ಅಭ್ಯಾಸ ಮಾಡಿಕೊಂಡರೆ ಈ ಎರಡೂ ತೊಂದರೆ ತಪ್ಪುತ್ತದೆ. ಕಥೆ, ಕಾದಂಬರಿ, ನಾಟಕ, ಆಟದ ಪಾತ್ರ, ಯಾವುದಕ್ಕಾದರೂ ಇದು ನಡೆಯುತ್ತದೆ.

ಮೊದಲು ಕೇಳಿಕೊಳ್ಳಿ: ಈ ಹೆಸರಿಟ್ಟವರು ಯಾರು?

ಜಾಸ್ತಿ ಜನ ಪಾತ್ರದ ಗುಣದಿಂದ ಶುರು ಮಾಡುತ್ತಾರೆ. ಹುಡುಗಿ ಧೈರ್ಯವಂತೆ, ಹಾಗಾಗಿ ಧೈರ್ಯ ಅನ್ನುವ ಅರ್ಥ ಬರುವ ಹೆಸರು ಬೇಕು ಅಂತ ಹುಡುಕುತ್ತಾರೆ. ಇದು ತಲೆಕೆಳಗಾದ ದಾರಿ ಅಂತ ನನ್ನ ಅಭಿಪ್ರಾಯ. ತೊಟ್ಟಿಲಲ್ಲಿರುವ ಮಗು ಮುಂದೆ ಧೈರ್ಯವಂತೆ ಆಗುತ್ತಾಳೋ ಪುಕ್ಕಲಿ ಆಗುತ್ತಾಳೋ ಹೆಸರಿಡುವ ದಿನ ಯಾರಿಗೂ ಗೊತ್ತಿರುವುದಿಲ್ಲ ಅಲ್ವಾ? ಹೆಸರಿಟ್ಟವರ ಆಸೆ, ಅವರ ನಂಬಿಕೆ, ಅವರ ಕಾಲ, ಅವರ ಓದು, ಅವರು ಯಾರ ನೆನಪನ್ನು ಉಳಿಸಿಕೊಳ್ಳಬೇಕು ಅಂದುಕೊಂಡಿದ್ದರು ಅನ್ನುವುದೇ ಹೆಸರಿನಲ್ಲಿ ಕಾಣುವುದು. ಆ ಆಸೆಗೂ ಪಾತ್ರ ಕೊನೆಗೆ ಏನಾಯಿತು ಅನ್ನುವುದಕ್ಕೂ ಇರುವ ದೂರದಲ್ಲಿ ಕಥೆ ಸಿಗುತ್ತದೆ.

ಒಂದು ಉದಾಹರಣೆ ಮಾಡಿ ನೋಡೋಣ. ತಂದೆಗೆ ಸಂಗೀತದ ಹುಚ್ಚು. ಮಗಳಿಗೆ ತನಗೆ ಇಷ್ಟವಾದ ರಾಗದ ಹೆಸರು ಇಟ್ಟಿದ್ದಾನೆ, ಕಲ್ಯಾಣಿ. ಮಗಳಿಗೆ ಹಾಡಲು ಬರುವುದಿಲ್ಲ, ಅವಳು ಬೆಳೆದು ಮೆಕ್ಯಾನಿಕ್ ಆಗಿದ್ದಾಳೆ, ಎಂಜಿನ್ ಸದ್ದು ಕೇಳಿಯೇ ಎಲ್ಲಿ ತೊಂದರೆ ಇದೆ ಅಂತ ಹೇಳುತ್ತಾಳೆ. ಹೊಸಬರು ಹೆಸರು ಕೇಳಿದ ಕೂಡಲೇ "ಹಾಡ್ತೀರಾ?" ಅಂತ ಕೇಳುತ್ತಾರೆ, ಅವಳು ಇಲ್ಲ ಅನ್ನುತ್ತಾಳೆ. ತಂದೆಗೆ ನಿರಾಸೆ ಇದೆಯಾ? ಮಗಳ ಕಿವಿ ಎಷ್ಟು ಚುರುಕು ಅಂತ ಅವನಿಗೆ ಎಂದಾದರೂ ಗೊತ್ತಾಯಿತಾ? ನೋಡಿ, ಹೆಸರಿನಿಂದಲೇ ಎರಡು ದೃಶ್ಯ ಸಿಕ್ಕಿತು. ಅದೇ ಹುಡುಗಿಗೆ 'ಯಂತ್ರ ಬಲ್ಲವಳು' ಅನ್ನುವ ಅರ್ಥದ ಹೆಸರು ಇಟ್ಟಿದ್ದರೆ ಇದ್ಯಾವುದೂ ಹುಟ್ಟುತ್ತಿರಲಿಲ್ಲ.

ಹಾಗಾಗಿ ಮುಖ್ಯ ಪಾತ್ರಗಳಿಗೆ ಒಂದು ಸಣ್ಣ ಟಿಪ್ಪಣಿ ಬರೆದುಕೊಳ್ಳಿ. ಹೆಸರು ಆರಿಸಿದ್ದು ಯಾರು, ತಾಯಿಯೋ ತಂದೆಯೋ ಅಜ್ಜಿಯೋ? ಮನೆಯಲ್ಲಿ ಜಗಳ ಆಯಿತಾ? ಯಾರ ಹೆಸರನ್ನಾದರೂ ಮತ್ತೆ ಇಟ್ಟಿದ್ದಾ? ಪಾತ್ರಕ್ಕೆ ತನ್ನ ಹೆಸರು ಇಷ್ಟವಾ? ನಾಲ್ಕು ಸಾಲು ಸಾಕು, ಇದನ್ನು ಕಥೆಯಲ್ಲಿ ಹೇಳಲೇಬೇಕು ಅಂತಿಲ್ಲ. ತನ್ನ ಹೆಸರನ್ನು ತಾನೇ ಬದಲಿಸಿಕೊಂಡ ಪಾತ್ರವಾದರೆ, ಅಂದರೆ ಮನೆ ಬಿಟ್ಟು ಓಡಿ ಬಂದವರು, ನಟರು, ಮೋಸಗಾರರು, ತಲೆಮರೆಸಿಕೊಂಡವರು, ಆಗ ಹೆಸರಿಟ್ಟವರು ಅವರೇ. ಹಳೆಯ ಹೆಸರು ಏನಿತ್ತು, ಹೊಸದನ್ನು ಎಲ್ಲಿಂದ ಕದ್ದರು ಅನ್ನುವುದು ನಿಮಗಾದರೂ ಗೊತ್ತಿರಬೇಕು.

ಹುಟ್ಟಿದ ವರ್ಷ ಗೊತ್ತುಮಾಡಿ

ಹೆಸರುಗಳಿಗೂ ಕಾಲ ಇರುತ್ತದೆ. ಎಂಬತ್ತರ ಅಜ್ಜಿಗೆ ಆದ್ಯಾ ಅಂತಲೂ ಐದು ವರ್ಷದ ಮಗುವಿಗೆ ಪುಟ್ಟಸ್ವಾಮಯ್ಯ ಅಂತಲೂ ಇಟ್ಟರೆ ಓದುಗರು ತಕ್ಷಣ ನಿಲ್ಲುತ್ತಾರೆ. ಹಾಗೆ ನಿಲ್ಲಿಸಬೇಕು ಅನ್ನುವುದೇ ನಿಮ್ಮ ಉದ್ದೇಶವಾದರೆ ಸರಿ, ಇಲ್ಲದಿದ್ದರೆ ಲೆಕ್ಕ ಹಾಕಿ: ಕಥೆ ನಡೆಯುವ ವರ್ಷದಿಂದ ಪಾತ್ರದ ವಯಸ್ಸು ಕಳೆಯಿರಿ. 2020ರಲ್ಲಿ ನಡೆಯುವ ಕಥೆಯಲ್ಲಿ ಎಪ್ಪತ್ತರ ಮುದುಕ ಇದ್ದರೆ ಅವನ ಹೆಸರು 1950ರದ್ದು, 2020ರದ್ದಲ್ಲ. ಆ ಕಾಲದ ಪತ್ರಿಕೆಗಳು, ಹಳೆಯ ಶಾಲಾ ಹಾಜರಿ ಪಟ್ಟಿಗಳು, ಹಳೆಯ ಆಟಗಾರರ ತಂಡಗಳ ಪಟ್ಟಿ, ಇವೆಲ್ಲ ಸಹಾಯಕ್ಕೆ ಬರುತ್ತವೆ. ಕೆಲವು ದೇಶಗಳಲ್ಲಿ ಸರ್ಕಾರವೇ ಲೆಕ್ಕ ಇಟ್ಟಿದೆ. ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಷನ್ 1880ರಿಂದ ಈಚೆಗೆ ಪ್ರತಿ ವರ್ಷ ಹುಟ್ಟಿದ ಮಕ್ಕಳಿಗೆ ಯಾವ ಹೆಸರು ಎಷ್ಟು ಸಲ ಇಡಲಾಗಿದೆ ಅನ್ನುವ ಪಟ್ಟಿಯನ್ನು ಎಲ್ಲರಿಗೂ ತೆರೆದಿಟ್ಟಿದೆ. ಅಲ್ಲಿ ನಡೆಯುವ ಕಥೆ ಬರೆಯುವವರು ಊಹೆ ಮಾಡುವ ಅಗತ್ಯವೇ ಇಲ್ಲ.

ಕಾಲದ ಜೊತೆ ಭಾಷೆ, ಧರ್ಮ, ಮನೆತನದ ಗುರುತೂ ಹೆಸರಿನೊಳಗೆ ಇರುತ್ತದೆ. ಓದುಗರು ಒಂದೇ ಹೆಸರಿನಿಂದ ಎಷ್ಟೋ ಊಹೆ ಮಾಡಿಕೊಂಡುಬಿಡುತ್ತಾರೆ. ಅದನ್ನು ತಡೆಯಲು ಆಗುವುದಿಲ್ಲ, ಆದರೆ ಏನು ಊಹಿಸುತ್ತಾರೆ ಅಂತ ಮೊದಲೇ ತಿಳಿದುಕೊಂಡಿರಬೇಕು. ಮುಖ್ಯವಾಗಿ ಕಳ್ಳ, ಕೊಲೆಗಾರ, ಸುಳ್ಳುಗಾರ ಇಂಥ ಪಾತ್ರಗಳಿಗೆಲ್ಲ ಒಂದೇ ಸಮುದಾಯದ ಹೆಸರು ಬಂದಿದೆಯಾ ಅಂತ ಒಮ್ಮೆ ಪಟ್ಟಿ ತೆಗೆದು ನೋಡಿ. ಗೊತ್ತಿಲ್ಲದೆ ಬಂದಿದ್ದರೂ ಓದಿದವರಿಗೆ ನೋವಾಗುತ್ತದೆ.

ಬೇರೆ ನಾಡಿನ ಪಾತ್ರ ಇದ್ದರೆ

ಇಲ್ಲಿ ಹೆಸರಿನ ಕಟ್ಟಡವನ್ನೇ ಕಲಿಯಬೇಕು. ಐಸ್‌ಲ್ಯಾಂಡಿನಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರೇ ಇರುವುದಿಲ್ಲ, ತಂದೆಯ ಅಥವಾ ತಾಯಿಯ ಹೆಸರಿಗೆ ಮಗ ಅಥವಾ ಮಗಳು ಅನ್ನುವುದನ್ನು ಸೇರಿಸುತ್ತಾರೆ. ಆದ್ದರಿಂದ ಒಂದೇ ಮನೆಯ ಅಣ್ಣ ತಂಗಿಯರ ಕೊನೆಯ ಹೆಸರು ಬೇರೆ ಬೇರೆ. ರಷ್ಯನ್ನರಲ್ಲಿ ಸ್ವಂತ ಹೆಸರು, ಆಮೇಲೆ ತಂದೆಯಿಂದ ಬಂದ ಹೆಸರು, ಕೊನೆಗೆ ಮನೆತನದ ಹೆಸರು, ಮತ್ತು ಮನೆತನದ ಹೆಸರು ಹೆಂಗಸರಿಗೆ ಸಾಮಾನ್ಯವಾಗಿ ಬೇರೆ ಕೊನೆ ಪಡೆಯುತ್ತದೆ. ಸ್ಪೇನಿನಲ್ಲಿ ತಂದೆಯದೊಂದು ತಾಯಿಯದೊಂದು ಹೀಗೆ ಎರಡು ಮನೆತನದ ಹೆಸರು. ಚೀನಾ, ಕೊರಿಯಾ, ಜಪಾನ್, ಹಂಗೇರಿಗಳಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಘಾನಾದ ಅಕಾನ್ ಜನರಲ್ಲಿ ಹುಟ್ಟಿದ ವಾರದ ಮೇಲೆ ಹೆಸರು ಬರುತ್ತದೆ. ಕೋಫಿ ಅಂದರೆ ಶುಕ್ರವಾರ ಹುಟ್ಟಿದ ಗಂಡು, ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಆಗಿದ್ದ ಕೋಫಿ ಅನ್ನಾನ್ ಅವರ ಹೆಸರು ಅದೇ. ಒಂದು ಗಂಟೆ ಕೂತು ಓದಿದರೆ ಇಷ್ಟು ತಿಳಿಯುತ್ತದೆ. ಓದದೆ ಕಿವಿಗೆ ಬಿದ್ದ ಎರಡು ಹೆಸರು ಜೋಡಿಸಿದರೆ, ಆ ನಾಡು ಬಲ್ಲ ಓದುಗರ ನಂಬಿಕೆ ಮೊದಲ ಪುಟದಲ್ಲೇ ಹೋಗುತ್ತದೆ.

ಹೆಸರು ಕೂಡಿಡುವ ಪುಸ್ತಕ

ಬೇಕಾದಾಗ ಹುಡುಕಿದರೆ ಹೆಸರು ಸಿಗುವುದಿಲ್ಲ. ಬೇಡದಿರುವಾಗ ಬರೆದಿಟ್ಟುಕೊಳ್ಳಬೇಕು. ಫೋನಿನಲ್ಲೋ ಪುಸ್ತಕದಲ್ಲೋ ಎರಡು ಕಾಲಂ ಮಾಡಿ, ಒಂದರಲ್ಲಿ ವ್ಯಕ್ತಿಯ ಹೆಸರು, ಇನ್ನೊಂದರಲ್ಲಿ ಮನೆತನದ ಅಥವಾ ಊರಿನ ಹೆಸರು. ಸಿನಿಮಾ ಮುಗಿದ ಮೇಲೆ ಬರುವ ತಂತ್ರಜ್ಞರ ಪಟ್ಟಿ ಇದಕ್ಕೆ ಒಳ್ಳೆಯ ಗಣಿ. ನಕ್ಷೆಗಳು, ನದಿಗಳು, ನಕ್ಷತ್ರಗಳು, ಗಿಡಮರಗಳು, ಹಳೆಯ ಶಾಸನಗಳಲ್ಲಿ ಬರುವ ಹೆಸರುಗಳು, ಎಲ್ಲವನ್ನೂ ಬರೆದುಕೊಳ್ಳಿ. ಒಬ್ಬ ನಿಜವಾದ ವ್ಯಕ್ತಿಯ ಪೂರ್ತಿ ಹೆಸರನ್ನು ಹಾಗೇ ಎತ್ತಬೇಡಿ, ಒಂದು ಕಾಲಂನಿಂದ ಅರ್ಧ, ಇನ್ನೊಂದರಿಂದ ಅರ್ಧ ತೆಗೆದುಕೊಳ್ಳಿ.

ಎಷ್ಟೋ ಸಲ ಸಾದಾ ಹೆಸರೇ ಗೆಲ್ಲುತ್ತದೆ. ಜೇಮ್ಸ್ ಬಾಂಡ್ ಅಂದರೆ ಇವತ್ತು ಗೂಢಚಾರ, ಆದರೆ 1953ರಲ್ಲಿ ಆ ಪಾತ್ರದ ಮೊದಲ ಕಾದಂಬರಿ ಬರುವ ಮುಂಚೆ ಅದು ಕೆರಿಬಿಯನ್ ದ್ವೀಪಗಳ ಹಕ್ಕಿಗಳ ಬಗ್ಗೆ ಪುಸ್ತಕ ಬರೆದ ಅಮೆರಿಕದ ವಿಜ್ಞಾನಿಯೊಬ್ಬರ ಹೆಸರು. ಕಾದಂಬರಿ ಬರೆದವರಿಗೆ ತೀರಾ ಸಪ್ಪೆಯಾದ, ಯಾರ ಕಣ್ಣಿಗೂ ಬೀಳದ ಹೆಸರು ಬೇಕಿತ್ತು, ಆ ಪುಸ್ತಕದಲ್ಲಿ ಸಿಕ್ಕಿತು. ಹೆಸರಿಗೆ ತೂಕ ತಂದುಕೊಟ್ಟಿದ್ದು ಆಮೇಲೆ ಬಂದ ಕಥೆಗಳು. ನಾಯಕನಿಗೆ ಸಿಡಿಲಿನಂಥ ಹೆಸರು ಬೇಕು ಅಂತ ಒದ್ದಾಡುವವರಿಗೆ ಇದು ನೆನಪಿರಲಿ.

ಹೆಸರು ತಯಾರಿಸಿಕೊಡುವ ವೆಬ್‌ಸೈಟು, ಆ್ಯಪ್‌ಗಳೂ ಇವೆ. ಒಂದೇ ಕ್ಲಿಕ್ಕಿಗೆ ರಾಶಿ ಹೆಸರು ಬೀಳುತ್ತದೆ. ಮನಸ್ಸು ಖಾಲಿ ಆದಾಗ ತಟ್ಟಿ ಎಬ್ಬಿಸಲು ಪರವಾಗಿಲ್ಲ, ಆದರೆ ಆ ಹೆಸರುಗಳಿಗೆ ಹೆಸರಿಟ್ಟವರು ಇರುವುದಿಲ್ಲ. ಅದನ್ನು ನೀವೇ ತುಂಬಬೇಕು.

ಸದ್ದು ಕೇಳಿ ನೋಡಿ

1929ರಲ್ಲಿ ವುಲ್ಫ್‌ಗಾಂಗ್ ಕೋಹ್ಲರ್ ಅನ್ನುವ ಮನೋವಿಜ್ಞಾನಿ ಒಂದು ಸರಳ ಪ್ರಯೋಗದ ಬಗ್ಗೆ ಬರೆದರು. ಒಂದು ದುಂಡಗಿನ ಆಕಾರ, ಒಂದು ಚೂಪು ಮೂಲೆಗಳ ಆಕಾರ, ಜೊತೆಗೆ ಅರ್ಥವಿಲ್ಲದ ಎರಡು ಪದ. ಯಾವ ಪದ ಯಾವ ಆಕಾರಕ್ಕೆ ಅಂತ ಕೇಳಿದರೆ ಜನ ಹೆಚ್ಚಾಗಿ ಒಂದೇ ಥರ ಜೋಡಿಸುತ್ತಾರೆ. 2001ರಲ್ಲಿ ವಿ.ಎಸ್. ರಾಮಚಂದ್ರನ್ ಮತ್ತು ಎಡ್ವರ್ಡ್ ಹಬ್ಬರ್ಡ್ ಇದನ್ನೇ 'ಬೂಬಾ', 'ಕಿಕಿ' ಅನ್ನುವ ಪದಗಳಿಂದ ಮಾಡಿ ತೋರಿಸಿದರು, ಬೂಬಾ ದುಂಡಗೆ, ಕಿಕಿ ಚೂಪು. ಅಂದರೆ ಅರ್ಥ ತಿಳಿಯುವ ಮೊದಲೇ ಸದ್ದು ಏನೋ ಹೇಳಿರುತ್ತದೆ.

ಮಾಲಿನಿ, ನಳಿನಿ, ವಿಮಲಾ ಅಂತ ಜೋರಾಗಿ ಹೇಳಿ. ಆಮೇಲೆ ಕೇತಕಿ, ಚಕ್ರಪಾಣಿ, ತ್ರ್ಯಂಬಕ ಅಂತ ಹೇಳಿ. ಬಾಯಿಯ ಕೆಲಸವೇ ಬೇರೆ. ಮ, ಲ, ನ, ವ ಹರಿದುಕೊಂಡು ಹೋಗುತ್ತವೆ, ಕ, ಟ, ತ್ರ, ಕ್ಷ ತಡೆದು ನಿಲ್ಲಿಸುತ್ತವೆ. ಇದನ್ನು ಬಳಸಿಕೊಳ್ಳಿ, ಆದರೆ ಒಳ್ಳೆಯವರಿಗೆಲ್ಲ ಮೆತ್ತಗಿನ ಹೆಸರು, ಕೆಟ್ಟವರಿಗೆಲ್ಲ ಗಡುಸು ಹೆಸರು ಅಂತ ಹಂಚಬೇಡಿ, ಅದು ಮಕ್ಕಳ ಕಥೆಯಲ್ಲಿ ಮಾತ್ರ ಚೆಂದ. ನನಗೆ ಜಾಸ್ತಿ ಇಷ್ಟವಾಗುವುದು ಉಲ್ಟಾ ಮಾಡಿದಾಗ. ವಿಮಲಾ ಅನ್ನುವ ಹೆಂಗಸು ನಗುನಗುತ್ತಾ ವಿಷ ಬೆರೆಸುತ್ತಿದ್ದರೆ ಓದುಗರಿಗೆ ಒಂದು ಕ್ಷಣ ನಂಬಲು ಆಗುವುದಿಲ್ಲ, ಆ ಒಂದು ಕ್ಷಣವೇ ಬರೆಯುವವರಿಗೆ ಬೇಕಾಗಿದ್ದು.

ಇನ್ನೊಂದು ವಿಷಯ, ಉದ್ದ. ಪ್ರತಿ ಪುಟದಲ್ಲೂ ಬರುವ ಪಾತ್ರಕ್ಕೆ ಎರಡು ಮೂರು ಅಕ್ಷರದ ಹೆಸರು ಸುಲಭ. ಉದ್ದದ ಹೆಸರೇ ಬೇಕಿದ್ದರೆ ಕರೆಯುವ ಹೆಸರು ಒಂದನ್ನು ಕೊಡಿ. ಯಾರು ಹೇಗೆ ಕರೆಯುತ್ತಾರೆ ಅನ್ನುವುದರಿಂದ ಸಂಬಂಧವೂ ಗೊತ್ತಾಗುತ್ತದೆ. ನಮ್ಮ ಮೆಕ್ಯಾನಿಕ್ ಹುಡುಗಿಯನ್ನು ಅಮ್ಮ 'ಕಲ್ಲೂ' ಅನ್ನಬಹುದು, ಗ್ಯಾರೇಜಿಗೆ ಬರುವವರು 'ಮೇಡಂ' ಅನ್ನಬಹುದು, ತಂದೆ ಮಾತ್ರ ಒಂದು ಸಲವೂ ಮೊಟಕು ಮಾಡದೆ 'ಕಲ್ಯಾಣಿ' ಅಂತಲೇ ಕರೆಯಬಹುದು. ಮುಂದೆ ಯಾವುದೋ ಸಂದರ್ಭದಲ್ಲಿ ಅವನ ಬಾಯಿಂದ 'ಕಲ್ಲೂ' ಬಂದರೆ ಸಾಕು, ಏನೋ ಬದಲಾಗಿದೆ ಅಂತ ನೀವು ಬಿಡಿಸಿ ಹೇಳುವ ಅಗತ್ಯವಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಎರಡು ಪರೀಕ್ಷೆ

ಮೊದಲನೆಯದು, ವಿಭಕ್ತಿ ಹಚ್ಚಿ ನೋಡುವುದು. ನಮ್ಮ ಭಾಷೆಯಲ್ಲಿ ಹೆಸರು ಒಂಟಿಯಾಗಿ ಬರುವುದೇ ಕಡಿಮೆ, ಬಾಲ ಹಚ್ಚಿಕೊಂಡೇ ಓಡಾಡುತ್ತದೆ. ವಸಂತ ಅಂತ ಇಟ್ಟರೆ ವಸಂತನನ್ನು, ವಸಂತನಿಗೆ, ವಸಂತನ, ಎಲ್ಲ ಸಲೀಸು. ಗಿರಿಜೆ ಅಂತ ಇಟ್ಟರೂ ಸಲೀಸು. ಶರತ್ ಅಂತ ಇಟ್ಟಾಗ ತೊಡಕು ಶುರು. ಶರತ್‌ಗೆ ಅಂತಲೋ ಶರತ್‌ನಿಗೆ ಅಂತಲೋ? ಸುಮಾಗೆ ಅನ್ನುತ್ತೀರೋ ಸುಮಾಳಿಗೆ ಅನ್ನುತ್ತೀರೋ? ಮಧುಗೆ, ಮಧುವಿಗೆ, ಯಾವುದು? ಇವುಗಳಲ್ಲಿ ತಪ್ಪು ಅಂತ ಯಾವುದೂ ಇಲ್ಲ, ಆದರೆ ಹತ್ತನೇ ಪುಟದಲ್ಲಿ ಒಂದು, ಹನ್ನೆರಡನೇ ಪುಟದಲ್ಲಿ ಇನ್ನೊಂದು ಇದ್ದರೆ ಚೆನ್ನಾಗಿರುವುದಿಲ್ಲ. ಹೆಸರು ಖಾಯಂ ಮಾಡುವ ಮುಂಚೆ ಅದನ್ನು ಐದಾರು ವಾಕ್ಯದಲ್ಲಿ ಹಾಕಿ ಬರೆಯಿರಿ: ಅವನಿಗೆ ಕೊಟ್ಟೆ, ಅವನಿಂದ ಪಡೆದೆ, ಅವನ ಮನೆ, ಅವನೂ ಬಂದ, ಅವನೇ ಹೇಳಿದ. ನಾಲಿಗೆ ತಡವರಿಸಿದರೆ ಬೇರೆ ಹೆಸರು ನೋಡಿ. ಇದೇ ಹೊತ್ತಿಗೆ ಇನ್ನೊಂದನ್ನೂ ತೀರ್ಮಾನ ಮಾಡಿಬಿಡಿ, ನಿರೂಪಣೆಯಲ್ಲಿ ಈ ಪಾತ್ರ 'ಬಂದ'ನೋ 'ಬಂದರೋ' ಅಂತ. ವಸಂತ ಬಂದ ಅನ್ನುವುದಕ್ಕೂ ವಸಂತ ಮೇಷ್ಟ್ರು ಬಂದರು ಅನ್ನುವುದಕ್ಕೂ ಪಾತ್ರವೇ ಬೇರೆ ಆಗುತ್ತದೆ.

ಎರಡನೆಯದು, ಮಾತಿನ ಪದವೇ ಹೆಸರಾಗಿದ್ದಾಗ ಆಗುವ ಗೊಂದಲ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಅಂತ ಇಲ್ಲ, ಹಾಗಾಗಿ ಇದು ಹೆಸರು ಅಂತ ಕಣ್ಣಿಗೆ ತೋರಿಸುವ ಗುರುತು ಏನೂ ಇಲ್ಲ. 'ಕವನ ಓದಿ ಅತ್ತಳು' ಅಂತ ಬರೆದರೆ ಅತ್ತವಳು ಕವನ ಅನ್ನುವ ಹುಡುಗಿಯೋ, ಅಥವಾ ಬೇರೆ ಯಾರೋ ಒಂದು ಕವನ ಓದಿ ಅತ್ತಳೋ? ದೀಪ, ಸಂಧ್ಯಾ, ಕಿರಣ, ಪ್ರೀತಿ, ಸ್ಫೂರ್ತಿ, ಇವೆಲ್ಲ ಸುಂದರ ಹೆಸರುಗಳೇ. ಆದರೆ ಅದೇ ಪದ ಸಾಮಾನ್ಯ ಅರ್ಥದಲ್ಲೂ ಪದೇಪದೇ ಬರುವ ಕಥೆಯಾದರೆ ಆ ಹೆಸರನ್ನು ದೂರ ಇಡಿ. ಪ್ರೇಮಕಥೆಯ ನಾಯಕಿಗೆ ಪ್ರೀತಿ ಅಂತ ಹೆಸರಿಟ್ಟರೆ ಪ್ರತಿ ಪುಟದಲ್ಲೂ ವಾಕ್ಯ ತಿದ್ದಬೇಕಾಗುತ್ತದೆ.

ಎಲ್ಲ ಹೆಸರನ್ನೂ ಒಟ್ಟಿಗೆ ಬರೆಯಿರಿ

ಒಂದೊಂದೇ ನೋಡಿದಾಗ ಚೆನ್ನಾಗಿದ್ದ ಹೆಸರು ಪಕ್ಕಪಕ್ಕ ಇಟ್ಟಾಗ ಕೆಡುತ್ತದೆ. ರಮೇಶ, ರಾಜೇಶ, ರಾಕೇಶ ಮೂವರೂ ಒಂದೇ ಕೋಣೆಯಲ್ಲಿ ಮಾತಾಡುತ್ತಿದ್ದರೆ ಯಾರು ಏನು ಹೇಳಿದರು ಅಂತ ಓದುಗರು ಹಿಂದೆ ಹೋಗಿ ನೋಡಬೇಕು. ವೇಗವಾಗಿ ಓದುವಾಗ ಒಂದನ್ನೊಂದು ಹೋಲುವ ಹೆಸರುಗಳು ಸುಲಭವಾಗಿ ಬೆರೆತುಹೋಗುತ್ತವೆ. ಆದ್ದರಿಂದ ಒಂದು ಹಾಳೆಯಲ್ಲಿ ಎಲ್ಲ ಪಾತ್ರಗಳ ಹೆಸರನ್ನೂ ಒಂದರ ಕೆಳಗೆ ಒಂದು ಬರೆದು ಮೂರು ಕಡೆ ಕಣ್ಣು ಹಾಯಿಸಿ: ಮೊದಲ ಅಕ್ಷರ, ಕೊನೆಯ ಸದ್ದು, ಉದ್ದ. ಮೂರರಲ್ಲಿ ಎರಡು ಒಂದೇ ಆಗಿದ್ದರೆ ಒಂದನ್ನು ಬದಲಿಸಿ. ಅಕ್ಕತಂಗಿಯರು, ಅವಳಿಗಳು ಇದ್ದರೆ ಪ್ರಾಸ ಬರುವುದು ಸಹಜವೇ, ಆಗಲೂ ಒಬ್ಬರಿಗೆ ಕರೆಯುವ ಹೆಸರು ಬೇರೆ ಮಾಡಿದರೆ ಓದುವವರಿಗೆ ಸಲೀಸು.

ಎಲ್ಲರಿಗೂ ಹೆಸರು ಬೇಡ ಅನ್ನುವುದು ಇಲ್ಲೇ ಹೇಳಿಬಿಡುತ್ತೇನೆ. ಒಂದು ಸಲ ಬಂದು ಬಾಗಿಲು ತೆಗೆದು ಹೋಗುವವನು ಕಾವಲುಗಾರ, ಅಷ್ಟೇ. ಹೆಸರು ಕೊಟ್ಟ ಕೂಡಲೇ ಇವನು ಮತ್ತೆ ಬರುತ್ತಾನೆ ಅಂತ ಓದುಗರು ನೆನಪಿಟ್ಟುಕೊಳ್ಳುತ್ತಾರೆ. ಪತ್ತೇದಾರಿ ಕಥೆಯಲ್ಲಿ ಮಾತ್ರ ಇದನ್ನೇ ಉಪಾಯವಾಗಿ ಬಳಸಬಹುದು.

ಇಲ್ಲದ ಲೋಕಕ್ಕೆ ಹೆಸರು

ಕಲ್ಪನೆಯ ನಾಡು, ಬೇರೆ ಗ್ರಹ, ಹಿಂದೆಂದೂ ಇಲ್ಲದ ರಾಜ್ಯ, ಇಲ್ಲಿ ಹೆಸರುಗಳನ್ನು ಒಂದೊಂದಾಗಿ ಹುಟ್ಟಿಸಬೇಡಿ. ಮೊದಲು ಆ ಜನರ ಬಾಯಿಯಲ್ಲಿ ಯಾವ ಸದ್ದುಗಳಿವೆ ಅಂತ ಗೊತ್ತುಮಾಡಿ. ಒಂದು ಜನಕ್ಕೆ ಮ, ಲ, ನ, ವ, ಯ ಮಾತ್ರ, ಸ್ವರಗಳು ಆ, ಇ, ಏ, ಹೆಂಗಸರ ಹೆಸರು 'ಇ'ಯಲ್ಲಿ ಮುಗಿಯಬೇಕು ಅಂತ ನಿಯಮ ಹಾಕಿಕೊಳ್ಳಿ. ಆಗ ನಿವಾಲಿ, ಲಾಯೇಮಿ, ಮೇಲಾನ್, ವೇನಾಲ್ ಇಂಥವು ತಾವಾಗಿ ಬರುತ್ತವೆ. ಇನ್ನೊಂದು ಜನಕ್ಕೆ ಕ, ಗ, ಟ, ಡ, ರ, ಸ್ವರಗಳು ಅ, ಉ, ಓ. ಟೋರ್ಕು, ಡಗುರ, ಗೋರುಟ್. ಈ ಎರಡು ಜನರ ನಡುವೆ ಮದುವೆ ಆಗಿ ಮಗು ಹುಟ್ಟಿದರೆ? ಡೋಮಿ ಅನ್ನಬಹುದು, ಎರಡೂ ಕಡೆಯ ಅಜ್ಜಿಯರಿಗೆ ಅದು ಅರ್ಧ ಮಾತ್ರ ಪರಿಚಿತ. ಊರು, ನದಿ, ಬೆಟ್ಟಗಳಿಗೂ ಅದೇ ಸದ್ದುಗಳು ಇರಲಿ, ಆಗ ಯಾರು ಎಲ್ಲಿಯವರು ಅಂತ ಹೇಳದೆಯೇ ತಿಳಿಯುತ್ತದೆ.

ಒತ್ತಕ್ಷರಗಳ ರಾಶಿ ಹಾಕಬೇಡಿ. ಓದಲು ಬಾರದ ಹೆಸರನ್ನು ಓದುಗರು ದಾಟಿಕೊಂಡು ಹೋಗುತ್ತಾರೆ, ಆ ಪಾತ್ರದ ಮುಖವೂ ಅವರಿಗೆ ನಿಲ್ಲುವುದಿಲ್ಲ. ಹುಟ್ಟಿಸಿದ ಹೆಸರು ಯಾವುದಾದರೂ ಭಾಷೆಯಲ್ಲಿ ಬೈಗುಳವೋ ಔಷಧಿಯ ಹೆಸರೋ ಆಗಿರಬಹುದು, ಅದನ್ನು ಒಮ್ಮೆ ಹುಡುಕಿ ನೋಡಿ.

ಅರ್ಥದ ಆಸೆ

ಶಾಲೆಯ ವ್ಯಾಕರಣದಲ್ಲಿ ಅಂಕಿತನಾಮ, ಅನ್ವರ್ಥನಾಮ ಅಂತ ಓದಿದ್ದು ನೆನಪಿದೆಯಾ? ಸುಮ್ನೆ ಗುರುತಿಗೆ ಇಟ್ಟಿದ್ದು ಅಂಕಿತ, ಗುಣಕ್ಕೋ ಕೆಲಸಕ್ಕೋ ತಕ್ಕಂತೆ ಬಂದಿದ್ದು ಅನ್ವರ್ಥ. ಬದುಕಿನಲ್ಲಿ ಅನ್ವರ್ಥನಾಮ ಬರುವುದು ಅಡ್ಡಹೆಸರಾಗಿ, ಊರವರ ಬಾಯಿಂದ, ತಡವಾಗಿ. ಕಥೆಯಲ್ಲೂ ಹಾಗೇ ಬಂದರೆ ನಂಬುವ ಹಾಗಿರುತ್ತದೆ. ಹುಟ್ಟಿದಾಗ ಒಂದು ಹೆಸರು, ಬದುಕಿ ತೋರಿಸಿದ ಮೇಲೆ ಊರು ಕೊಟ್ಟ ಇನ್ನೊಂದು ಹೆಸರು. ಗುಣ ಹೇಳುವ ಹೆಸರು ಬೇಕೇ ಬೇಕು ಅನ್ನುವವರು ಅದನ್ನು ಅಡ್ಡಹೆಸರಿನಲ್ಲಿ ಇಡಿ.

ಖಾಯಂ ಮಾಡುವ ಮುಂಚೆ ಹುಡುಕಿ

ಮುಖ್ಯ ಪಾತ್ರದ ಪೂರ್ತಿ ಹೆಸರನ್ನು ಇಂಟರ್ನೆಟ್ಟಿನಲ್ಲಿ ಹಾಕಿ ನೋಡಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. 1908ರಲ್ಲಿ ಇಂಗ್ಲೆಂಡಿನ ಒಂದು ಪತ್ರಿಕೆ ಆರ್ಟೆಮಸ್ ಜೋನ್ಸ್ ಅನ್ನುವ ಕಾಲ್ಪನಿಕ ವ್ಯಕ್ತಿಯ ಬಗ್ಗೆ ತಮಾಷೆಯ ಲೇಖನ ಹಾಕಿತು, ಹೆಂಡತಿಯನ್ನು ಬಿಟ್ಟು ಬೇರೆ ಹೆಂಗಸಿನ ಜೊತೆ ತಿರುಗುವವನು ಅಂತ. ನಿಜಕ್ಕೂ ಅದೇ ಹೆಸರಿನ ವಕೀಲರೊಬ್ಬರು ಇದ್ದರು, ಅವರು ಕೇಸು ಹಾಕಿದರು. ಪತ್ರಿಕೆಗೆ ಅವರನ್ನು ಬೈಯುವ ಉದ್ದೇಶ ಇರಲಿಲ್ಲ ಅಂತ ವಾದಿಸಿದರೂ ನಡೆಯಲಿಲ್ಲ, 1910ರಲ್ಲಿ ಆಗ ಅಲ್ಲಿನ ಅತಿ ದೊಡ್ಡ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ತನಕ ಹೋಗಿ ವಕೀಲರೇ ಗೆದ್ದರು. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಆದರೂ ಅಪರೂಪದ ಹೆಸರು, ಅದೇ ಊರು, ಅದೇ ವೃತ್ತಿ, ಕೆಟ್ಟ ಗುಣ, ಈ ನಾಲ್ಕೂ ಒಬ್ಬ ನಿಜವಾದ ವ್ಯಕ್ತಿಗೆ ಹೊಂದಿದರೆ ಹೆಸರು ಬದಲಿಸುವುದೇ ಒಳ್ಳೆಯದು. ತುಂಬಾ ಸಾಮಾನ್ಯವಾದ ಹೆಸರಿನಲ್ಲಿ ಈ ಅಪಾಯ ಕಡಿಮೆ.

ಹೆಸರು ಸಿಗದಿದ್ದರೆ, ಸಿಕ್ಕಿದ್ದು ಒಗ್ಗದಿದ್ದರೆ

ಬರವಣಿಗೆ ನಿಲ್ಲಿಸಬೇಡಿ. ತಾತ್ಕಾಲಿಕವಾಗಿ ಏನಾದರೂ ಇಟ್ಟು ಮುಂದುವರಿಯಿರಿ. 'ಗಾನ್ ವಿತ್ ದಿ ವಿಂಡ್' ಕಾದಂಬರಿಯ ನಾಯಕಿ ಸ್ಕಾರ್ಲೆಟ್ ಹಸ್ತಪ್ರತಿಯಲ್ಲಿ ಪ್ಯಾನ್ಸಿ ಆಗಿದ್ದಳು, 1936ರಲ್ಲಿ ಅಚ್ಚಾಗುವ ಸ್ವಲ್ಪ ಮುಂಚೆ ಹೆಸರು ಬದಲಾಯಿತು. ತಡವಾಗಿ ಬಂದ ಹೆಸರೂ ಗಟ್ಟಿಯಾಗಿ ಕೂರುತ್ತದೆ.

ಕಂಪ್ಯೂಟರಿನಲ್ಲಿ ಒಂದೇ ಸಲಕ್ಕೆ ಎಲ್ಲ ಕಡೆ ಬದಲಿಸುವ ಸೌಲಭ್ಯ ಬಳಸುವಾಗ ಮಾತ್ರ ಹುಷಾರು. ರವಿ ಅನ್ನುವುದನ್ನು ಗಿರಿ ಮಾಡಲು ಹೊರಟರೆ 'ಅರವಿಂದ' ಹೋಗಿ 'ಅಗಿರಿಂದ' ಆಗುತ್ತಾನೆ, 'ದೂರವಿದ್ದ' ಹೋಗಿ 'ದೂಗಿರಿದ್ದ' ಆಗುತ್ತದೆ. ಬಾಲಗಳೂ ಕೆಡುತ್ತವೆ, ವಸಂತನನ್ನು ರವಿ ಮಾಡಿದರೆ 'ವಸಂತನಿಗೆ' ಇದ್ದಲ್ಲೆಲ್ಲ 'ರವಿನಿಗೆ' ಕೂತಿರುತ್ತದೆ. ಎಲ್ಲವನ್ನೂ ಒಟ್ಟಿಗೆ ಬದಲಿಸುವ ಗುಂಡಿ ಒತ್ತದೆ ಒಂದೊಂದನ್ನೇ ನೋಡಿ ಬದಲಿಸಿ. ತಾತ್ಕಾಲಿಕ ಹೆಸರಾಗಿ ಬೇರೆ ಯಾವ ಪದದೊಳಗೂ ಬಾರದ ಗುರುತು ಇಡಿ, 'ಝಝ' ಅಂತಲೋ '##' ಅಂತಲೋ, ಹುಡುಕಲು ಸುಲಭ. ಬದಲಿಸಿ ಮುಗಿದ ಮೇಲೆ ಆ ಪಾತ್ರ ಬರುವ ಪುಟಗಳನ್ನೆಲ್ಲ ಒಮ್ಮೆ ಬಾಯಿಬಿಟ್ಟು ಓದಿ, ಮುಖ್ಯವಾಗಿ ಮಾತುಕತೆ ಇರುವ ಭಾಗಗಳನ್ನು, ಅಲ್ಲಿ ಹಳೆಯ ಹೆಸರಿನ ಮೊಟಕು ರೂಪಗಳು ಉಳಿದುಕೊಂಡಿರುತ್ತವೆ.